ಹೊಟ್ಟೆಯ ಮೇಲೆ ಎರಡು ಬಿಲ್ಲೆ

ಶಿವಾಜಿನಗರದ ಕಡೆಯ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಎಂಟು, ಒಂಬತ್ತು ತಿಂಗಳ ಬಸುರಿಯರ ಸಾಲಿನ ಪಕ್ಕ ಸ್ವಲ್ಪ ಹೊತ್ತು ನಿಂತರೆ ಒಂದೇ ಪ್ರಶ್ನೆ ಮೂರು ಭಾಷೆಯಲ್ಲಿ ಕಿವಿಗೆ ಬೀಳುತ್ತದೆ. "ಮಗು ಆಡ್ತಾ ಇದೆಯೇನಮ್ಮಾ?" "ಬಚ್ಚಾ ಹಿಲ್ ರಾ ಕ್ಯಾ?" "ಕೊಳಂದೆ ಅಸೈಯುದಾ?" ತಾಯಿ ಕಾರ್ಡ್ ಬಿಡಿಸುವ ಮೊದಲೇ ಸಿಸ್ಟರ್ ಕೇಳುವ ಮಾತಿದು. "ಹೂಂ, ಆಡ್ತಿದೆ" ಎಂದರೆ ಬಿ.ಪಿ., ತೂಕ, ಮೂತ್ರ ಪರೀಕ್ಷೆ ಎಂದು ಸಾಲು ಮುಂದಕ್ಕೆ ಸರಿಯುತ್ತದೆ. "ನಿನ್ನೆಯಿಂದ ಯಾಕೋ ಕಮ್ಮಿ" ಎಂದವಳನ್ನು ಮಾತ್ರ ಪಕ್ಕದ ಕೋಣೆಯ ಮಂಚಕ್ಕೆ ಕರೆದೊಯ್ದು, ಹೊಟ್ಟೆಗೆ ಎರಡು ಬೆಲ್ಟ್ ಕಟ್ಟುತ್ತಾರೆ. ಅಲ್ಲಿಂದ ಒಂದು ಯಂತ್ರದ ಕೆಲಸ ಶುರು.

ಇಲ್ಲಿನ ಘೋಷಾ ಆಸ್ಪತ್ರೆ ಕಂಟೋನ್ಮೆಂಟಿನ ದೊಡ್ಡ ವರ್ತಕ ಹಾಜಿ ಸರ್ ಇಸ್ಮಾಯಿಲ್ ಸೇಟ್ ಅವರ ಹೆಸರು ಹೊತ್ತಿದೆ. ಘೋಷಾ ಎಂದರೆ ಪರದೆ. ಪರಪುರುಷರ ಕಣ್ಣಿಗೆ ಬೀಳದೆ ಬದುಕುತ್ತಿದ್ದ ಹೆಣ್ಣುಮಕ್ಕಳಿಗೂ ಚಿಕಿತ್ಸೆ ಸಿಗಲಿ ಎಂದು ಹುಟ್ಟಿದ ಆಸ್ಪತ್ರೆ ಅದು. ಹೆರಿಗೆ ವೈದ್ಯರ ಇಡೀ ಕಸುಬೂ ಹಾಗೆಯೇ ಇದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಪರದೆ ಸರಿಸುವಂತಿಲ್ಲ, ಒಳಗಿರುವ ಜೀವವನ್ನು ಮುಟ್ಟುವಂತಿಲ್ಲ. ಹೊರಗೆ ನಿಂತೇ ಅದರ ಕ್ಷೇಮ ವಿಚಾರಿಸಬೇಕು.

ವಿಚಾರಿಸುವ ಈ ಯಂತ್ರದ ಹೆಸರು ಕಾರ್ಡಿಯೋಟೋಕೋಗ್ರಾಫ್, ಚುಟುಕಾಗಿ ಸಿಟಿಜಿ. ಹೆರಿಗೆ ನೋವು ಶುರುವಾಗುವ ಮೊದಲು ಮಾಡಿದರೆ ಆ ಪರೀಕ್ಷೆಗೆ ಎನ್ಎಸ್‌ಟಿ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಕಾರ್ಡಿಯಾ ಎಂದರೆ ಹೃದಯ, ಟೋಕೋಸ್ ಎಂದರೆ ಹೆರಿಗೆ. ಎರಡು ಪದಕ್ಕೆ ಎರಡು ಬಿಲ್ಲೆ. ಮೇಲಿನ ಬಿಲ್ಲೆಯ ಕೆಲಸ ಸರಳ. ಗರ್ಭಕೋಶ ಬಿಗಿದಾಗ ಹೊಟ್ಟೆ ಗಟ್ಟಿಯಾಗಿ ಬಿಲ್ಲೆಯ ಅಡಿಯನ್ನು ಒತ್ತುತ್ತದೆ, ಕಾಗದದ ಮೇಲೆ ಒಂದು ದಿಬ್ಬ ಮೂಡುತ್ತದೆ. ಬಿಗಿತ ಯಾವಾಗ ಬಂತು, ಎಷ್ಟು ಹೊತ್ತು ಇತ್ತು ಎಂಬುದಷ್ಟೇ ಅದಕ್ಕೆ ಗೊತ್ತು. ದಿಬ್ಬ ಎತ್ತರವಾಗಿದೆ ಎಂದು "ನೋವು ಜೋರಾಗಿದೆ" ಅಂದುಕೊಳ್ಳಬೇಕಾಗಿಲ್ಲ. ಬೆಲ್ಟ್ ಸ್ವಲ್ಪ ಸಡಿಲವಾದರೂ ಎತ್ತರ ಬದಲಾಗುತ್ತದೆ.

ಕೆಳಗಿನ ಬಿಲ್ಲೆಗೆ ತಣ್ಣಗಿನ ಜೆಲ್ ಬಳಿದು ಇಡುತ್ತಾರೆ. ಕೋಣೆ ತುಂಬ ಕುದುರೆ ಓಟದಂಥ ಟಕಟಕ ಸದ್ದು ಕೇಳಿಸುವುದು ಇದರಿಂದಲೇ. ಆ ಸದ್ದು ಕೇಳಿ ಕಣ್ಣೀರು ತುಂಬಿಕೊಳ್ಳದ ತಾಯಿ ಅಪರೂಪ. ಆದರೆ ಈ ಬಿಲ್ಲೆಯೊಳಗೆ ಮೈಕ್ ಇಲ್ಲ. ಅದು ಸೆಕೆಂಡಿಗೆ ಹತ್ತು, ಇಪ್ಪತ್ತು ಲಕ್ಷ ಸಲ ಕಂಪಿಸುವ, ಯಾವ ಕಿವಿಗೂ ಕೇಳದ ಶಬ್ದವನ್ನು ಒಳಕ್ಕೆ ಕಳಿಸುತ್ತದೆ. ಹೃದಯದ ಗೋಡೆ ಬಿಲ್ಲೆಯತ್ತ ಬರುವಾಗ ಮರಳುವ ಅಲೆ ಕೊಂಚ ಕೀಚಲಾಗುತ್ತದೆ, ದೂರ ಸರಿಯುವಾಗ ಕೊಂಚ ದಪ್ಪ. ಇದನ್ನು 1842ರಲ್ಲಿ ವಿವರಿಸಿದವನು ಆಸ್ಟ್ರಿಯಾದ ಕ್ರಿಸ್ಟಿಯನ್ ಡಾಪ್ಲರ್. ಮೂರು ವರ್ಷ ಕಳೆದು ಹಾಲೆಂಡಿನ ಬೈಸ್ ಬಲೋಟ್ ಎಂಬ ವಿಜ್ಞಾನಿ ರೈಲಿನ ಮೇಲೆ ತುತ್ತೂರಿ ಊದುವವರನ್ನು ಕೂರಿಸಿ ಓಡಿಸಿ ಅದು ನಿಜವೆಂದು ತೋರಿಸಿದ. ಹೋದ ಅಲೆಗೂ ಬಂದ ಅಲೆಗೂ ಇರುವ ವ್ಯತ್ಯಾಸ ಸೆಕೆಂಡಿಗೆ ಕೆಲವು ನೂರು ಕಂಪನ. ಅದು ಮನುಷ್ಯರ ಕಿವಿಗೆ ಚೆನ್ನಾಗಿ ಕೇಳಿಸುವ ಶ್ರುತಿಯೇ. ಯಂತ್ರ ಆ ವ್ಯತ್ಯಾಸವನ್ನೇ ಸ್ಪೀಕರಿಗೆ ಕೊಡುತ್ತದೆ. ತಾಯಿ ಕೇಳುವುದು ಹೃದಯದ ಸದ್ದನ್ನಲ್ಲ, ಅದರ ಚಲನೆಯನ್ನು.

ಹಾಗಾಗಿ ಯಂತ್ರ ಮೋಸಹೋಗುವುದೂ ಉಂಟು. ಬಂದ ಅಲೆಯನ್ನು ತುಸು ಹಿಂದಿನ ಅಲೆಯ ಪಕ್ಕದಲ್ಲಿಟ್ಟು, ಎಲ್ಲಿ ಹೊಂದುತ್ತದೆ ಎಂದು ನೋಡಿ ಅದು ಬಡಿತ ಎಣಿಸುತ್ತದೆ. ಬಡಿತ ತೀರಾ ನಿಧಾನವಾಗಿದ್ದರೆ ಎರಡರಷ್ಟು ತೋರಿಸಬಹುದು. ಬಿಲ್ಲೆ ಜಾರಿದರೆ ತಾಯಿಯದೇ ರಕ್ತನಾಳದ ಮಿಡಿತ ಹಿಡಿದು ಅದನ್ನೇ ಮಗುವಿನದೆಂದು ಬರೆಯಬಹುದು. ನುರಿತ ಸಿಸ್ಟರ್ ಬೆಲ್ಟ್ ಕಟ್ಟುತ್ತಲೇ ತಾಯಿಯ ಮಣಿಕಟ್ಟು ಹಿಡಿದು ನಾಡಿ ನೋಡುವುದು ಇದಕ್ಕೇ.

ಇನ್ನು ಗೆರೆ. ಹೊಟ್ಟೆಯೊಳಗಿನ ಮಗುವಿನ ಎದೆ ನಿಮಿಷಕ್ಕೆ 110ರಿಂದ 160 ಸಲ ಬಡಿಯಬೇಕು. ಸರಾಸರಿ ನೋಡಿ ಡಾಕ್ಟರ್ ಸುಮ್ಮನಾಗುವುದಿಲ್ಲ. ಗೆರೆ ನಡುಗುತ್ತಿದೆಯೇ ಎಂದು ನೋಡುತ್ತಾರೆ. ಒಂದು ನರವ್ಯೂಹ ಹೃದಯವನ್ನು ಬೇಗ ಓಡು ಎಂದು ತಳ್ಳುತ್ತದೆ, ಇನ್ನೊಂದು ನಿಧಾನ ಎಂದು ಲಗಾಮು ಎಳೆಯುತ್ತದೆ. ಈ ಎಳೆದಾಟದಿಂದ ಗೆರೆ 5ರಿಂದ 25 ಬಡಿತದಷ್ಟು ಮೇಲೆ ಕೆಳಗೆ ಅದುರುತ್ತಲೇ ಇರುತ್ತದೆ. ಅದುರುವ ಗೆರೆ ಎಂದರೆ ಮಗುವಿನ ಮಿದುಳಿಗೆ ಸಾಕಷ್ಟು ಆಮ್ಲಜನಕ ಸಿಗುತ್ತಿದೆ, ಮಿದುಳು ಹೃದಯದೊಡನೆ ಮಾತಾಡುತ್ತಿದೆ ಎಂದರ್ಥ. ಮಗು ಕೈಕಾಲು ಆಡಿಸಿದಾಗ ಬಡಿತ ಏರಬೇಕು. 32 ವಾರ ದಾಟಿದ ಮಗುವಿನಲ್ಲಿ, 20 ನಿಮಿಷದೊಳಗೆ ಕನಿಷ್ಠ ಎರಡು ಸಲ, 15 ಬಡಿತದಷ್ಟು ಏರಿ 15 ಸೆಕೆಂಡು ನಿಂತರೆ "ರಿಯಾಕ್ಟಿವ್" ಎಂದು ಬರೆಯುತ್ತಾರೆ. ಎದೆಬಡಿತ ಅಳೆಯುವ ಯಂತ್ರ ಎಂದು ನಾವು ತಿಳಿದದ್ದು ಅಸಲಿಗೆ ಮಿದುಳಿನ ಕ್ಷೇಮ ಕೇಳುತ್ತಿರುತ್ತದೆ. ಈ ಪರೀಕ್ಷೆಯ ಅತಿ ಸುಂದರವಾದ ಸಂಗತಿ ನನಗೆ ಇದೇ.

ಗೆರೆ ಚಪ್ಪಟೆಯಾದಾಕ್ಷಣ ಎದೆಗುಂದಬೇಕಾಗಿಲ್ಲ. ಹಲಸೂರಿನಲ್ಲಿದ್ದ ನನ್ನ ತಂಗಿಗೆ ಅರ್ಧ ಗಂಟೆ ಕಳೆದರೂ ಗೆರೆ ಏರಲಿಲ್ಲ. ಅಮ್ಮ ಬಾಗಿಲ ಹೊರಗೆ ದೇವರ ಹೆಸರು ಹೇಳುತ್ತ ನಿಂತಿದ್ದಳು. ಮಗು ನಿದ್ದೆಯಲ್ಲಿತ್ತು, ಅಷ್ಟೆ. ಹೊಟ್ಟೆಯೊಳಗಿನ ಮಗು ಒಮ್ಮೆಗೆ 20ರಿಂದ 40 ನಿಮಿಷ ಹೀಗೆ ಮಲಗುತ್ತದೆ, ಅದಕ್ಕೇ ಪರೀಕ್ಷೆಯನ್ನು 40 ನಿಮಿಷದವರೆಗೂ ಎಳೆಯುತ್ತಾರೆ. "ಜ್ಯೂಸ್ ಕುಡಿದು ಬನ್ನಿ, ಮಗು ಏಳುತ್ತೆ" ಎಂಬ ಮಾತು ಎಲ್ಲ ಕಡೆ ಇದೆ. ತಾಯಿಗೆ ಸಕ್ಕರೆ ಕೊಟ್ಟರೆ ಗೆರೆ ಸುಧಾರಿಸುತ್ತದೆಂದು ಅಧ್ಯಯನಗಳಲ್ಲಿ ಕಂಡಿಲ್ಲ. ಬೆಳಗಿನಿಂದ ಸಾಲಿನಲ್ಲಿ ನಿಂತವಳಿಗೆ ಏನಾದರೂ ತಿನ್ನಿಸಬೇಕು, ಅದು ಬೇರೆ ವಿಷಯ. ಅಂಗಾತ ಮಲಗಿಸಬಾರದು ಎಂಬುದಂತೂ ನಿಜ. ತುಂಬಿದ ಗರ್ಭಕೋಶ ಬೆನ್ನೆಲುಬಿನ ಮುಂದಿನ ದೊಡ್ಡ ಅಭಿಧಮನಿಯನ್ನು ಅದುಮಿ ತಾಯಿಯ ಬಿ.ಪಿ. ಇಳಿಸಿಬಿಡುತ್ತದೆ.

ಈ ಯಂತ್ರದ ಮೇಲೆ ಹೊರಿಸಬಾರದ ಭಾರವನ್ನು ನಾವು ಹೊರಿಸಿದ್ದೇವೆ ಎಂಬುದು ನನ್ನ ಅಳಲು. ಹೆರಿಗೆ ನೋವಿನುದ್ದಕ್ಕೂ ಬೆಲ್ಟ್ ಕಟ್ಟಿಟ್ಟ ತಾಯಂದಿರನ್ನೂ, ಸಿಸ್ಟರ್ ಆಗಾಗ ಬಂದು ಬಡಿತ ಎಣಿಸಿದ ತಾಯಂದಿರನ್ನೂ ಹೋಲಿಸಿದ ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ ಒಟ್ಟಾಗಿ ಪರಿಶೀಲಿಸಿದೆ. ಬೆಲ್ಟ್ ಕಟ್ಟಿದವರ ಶಿಶುಗಳಲ್ಲಿ ಫಿಟ್ಸ್ ಅರ್ಧದಷ್ಟು ಇಳಿದಿತ್ತು. ಶಿಶುಮರಣದಲ್ಲಾಗಲೀ ಸೆರೆಬ್ರಲ್ ಪಾಲ್ಸಿಯಲ್ಲಾಗಲೀ ವ್ಯತ್ಯಾಸ ಕಾಣಲಿಲ್ಲ. ಸಿಸೇರಿಯನ್ ಮಾತ್ರ ಹೆಚ್ಚಿತ್ತು. ಎನ್ಎಸ್‌ಟಿಯ ಕಾಗದವೂ ಆ ಹೊತ್ತಿನ ಮಾತನ್ನಷ್ಟೇ ಹೇಳುತ್ತದೆ. ನಾರ್ಮಲ್ ಎಂದು ಬಂದ ಮೇಲೆ ಒಂದು ವಾರದೊಳಗೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವುದು 1000ಕ್ಕೆ ಸುಮಾರು 2. ಅದು ದೊಡ್ಡ ಸಮಾಧಾನ ನಿಜ. ಆದರೆ ಮಾಸು ದಿಢೀರನೆ ಕಳಚುವುದನ್ನು, ಹೊಕ್ಕುಳಬಳ್ಳಿ ಅದುಮಿಕೊಳ್ಳುವುದನ್ನು ಯಾವ ಗೆರೆಯೂ ಮುಂಚಿತವಾಗಿ ಹೇಳಲಾರದು.

ಮುಂಚಿತವಾಗಿ ಹೇಳಬಲ್ಲ ಕೆಲವು ಉಪಕರಣಗಳು ಬಲು ಸಾದಾ. ಬಿ.ಪಿ. ಪಟ್ಟಿ ಅವುಗಳಲ್ಲಿ ಮೊದಲನೆಯದು. 20 ವಾರದ ಬಳಿಕ 140/90 ಮುಟ್ಟಿತೆಂದರೆ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಕಂಡರೆ, ಅದು ಪ್ರೀ-ಎಕ್ಲಾಂಪ್ಸಿಯಾ ಇರಬಹುದು. ಮಾಸಿಗೆ ರಕ್ತ ಒಯ್ಯುವ ಗರ್ಭಕೋಶದ ನಾಳಗಳು ಮೊದಲ ತಿಂಗಳುಗಳಲ್ಲೇ ಸಾಕಷ್ಟು ಅಗಲವಾಗದೆ ಉಳಿದರೆ, ಹಸಿದ ಮಾಸು ತಾಯಿಯ ರಕ್ತನಾಳಗಳನ್ನೇ ಕೆಡಿಸುವ ವಸ್ತುಗಳನ್ನು ಬಿಡತೊಡಗುತ್ತದೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ಹೊಟ್ಟೆನೋವು ಇವು ಗುರುತು. ನಮ್ಮಲ್ಲಿ ಆ ಹೊಟ್ಟೆನೋವಿಗೆ "ಗ್ಯಾಸ್ಟ್ರಿಕ್" ಎಂದು ಮಾತ್ರೆ ನುಂಗಿ ಮಲಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಗುವಿನ ಬೆಳವಣಿಗೆ ನೋಡಲು ದರ್ಜಿಯ ಟೇಪೇ ಸಾಕಾಗುತ್ತದೆ: 24 ವಾರದ ನಂತರ ಹೊಟ್ಟೆಯ ಎತ್ತರ ಸೆಂಟಿಮೀಟರಿನಲ್ಲಿ ಎಷ್ಟೋ, ಹೆಚ್ಚುಕಮ್ಮಿ ಅಷ್ಟೇ ವಾರ. ಕಮ್ಮಿ ಬಂದರೆ ಡಾಪ್ಲರ್ ಸ್ಕ್ಯಾನ್. ಅದೇ ತುತ್ತೂರಿಯ ತತ್ತ್ವ, ಈ ಸಲ ಹೊಕ್ಕುಳಬಳ್ಳಿಯ ರಕ್ತದ ಮೇಲೆ. ಎರಡು ಬಡಿತದ ನಡುವೆಯೂ ರಕ್ತ ಮುಂದಕ್ಕೇ ಹರಿಯುತ್ತಿರಬೇಕು. ನಿಂತರೆ, ಅದಕ್ಕಿಂತ ಹೆಚ್ಚಾಗಿ ಹಿಂದಕ್ಕೆ ಹರಿದರೆ, ಮಾಸು ಸೋಲುತ್ತಿದೆ. ಅಪಾಯದಲ್ಲಿರುವ ಬಸುರಿಯರಲ್ಲಿ ಈ ಸ್ಕ್ಯಾನ್ ಶಿಶುಗಳ ಸಾವು ತಗ್ಗಿಸಿದೆ ಎಂಬುದಕ್ಕೆ ಪುರಾವೆಯಿದೆ. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ತಪಾಸಣೆಯ ಬೆಲೆ ಇರುವುದು ಇಂಥವರನ್ನು ಹುಡುಕಿ ತೆಗೆಯುವುದರಲ್ಲಿ.

ಇವೆಲ್ಲದಕ್ಕಿಂತ ಮೊದಲಿನ ಪರೀಕ್ಷೆ ಸಿಸ್ಟರ್ ಕೇಳಿದ ಆ ಪ್ರಶ್ನೆ. ತಿಂಗಳು ತುಂಬಿದ ಮೇಲೆ ಜಾಗ ಸಾಲದೆ ಮಗು ಆಡುವುದು ಕಮ್ಮಿಯಾಗುತ್ತದೆ ಎಂದು ಅತ್ತೆಯರೂ ಅಕ್ಕಪಕ್ಕದವರೂ ಹೇಳುತ್ತಾರೆ. ಆಟದ ರೀತಿ ಬದಲಾಗಬಹುದು; ಒದೆಯುತ್ತಿದ್ದದ್ದು ಹೊರಳಬಹುದು. ಆಟದ ಎಣಿಕೆ ಕಡಿಮೆಯಾಗಬಾರದು. ಎಡಮಗ್ಗುಲಾಗಿ ಮಲಗಿ ಎಣಿಸಿದರೆ ಎರಡು ಗಂಟೆಯಲ್ಲಿ ಹತ್ತು ಸಲವಾದರೂ ಆಡಬೇಕು ಎಂಬುದು ರೂಢಿಯ ಲೆಕ್ಕ. ತನ್ನ ಮಗುವಿನ ದಿನನಿತ್ಯದ ಅಭ್ಯಾಸ ತಪ್ಪಿದೆ ಎಂದು ತಾಯಿಗೆ ಅನ್ನಿಸಿದರೆ ಲೆಕ್ಕ ಮುಗಿಯುವವರೆಗೂ ಕಾಯಬೇಕಿಲ್ಲ.

ಇದು ಹೆಚ್ಚಾಗಿ ಗೊತ್ತಾಗುವುದು ರಾತ್ರಿ, ಮನೆಕೆಲಸ ಮುಗಿಸಿ ಮೈ ಚಾಚಿದಾಗ. ಕೆ.ಆರ್. ಪುರದ ಮನೆಯಲ್ಲಿ "ಬೆಳಗ್ಗೆ ಹೋಗೋಣ, ಮೊನ್ನೆ ತಾನೆ ನಾರ್ಮಲ್ ಬಂದಿತ್ತಲ್ಲ" ಎನ್ನುತ್ತಾರೆ. ಬೆಳಗ್ಗೆ ಟಿನ್ ಫ್ಯಾಕ್ಟರಿ ಹತ್ತಿರ ವಾಹನಗಳು ಗಂಟುಬೀಳುತ್ತವೆ. ರಾತ್ರಿ ಹನ್ನೊಂದಕ್ಕೆ ಆ ರಸ್ತೆ ತೆರವಾಗಿರುತ್ತದೆ. 108ಕ್ಕೆ ಕರೆ ಮಾಡಬಹುದು. ಲೇಬರ್ ವಾರ್ಡಿಗೆ ರಾತ್ರಿ ಬೀಗವಿಲ್ಲ. ಮೊನ್ನೆಯ ಕಾಗದ ಬ್ಯಾಗಿನಲ್ಲೇ ಇರಲಿ. ಅಲ್ಲಿನ ಸಿಸ್ಟರ್ "ಯಾವಾಗಿಂದಮ್ಮಾ?" ಎಂದು ಕೇಳಿ, ಮಣಿಕಟ್ಟು ಹಿಡಿದು, ಬಿಲ್ಲೆಗೆ ಹೊಸದಾಗಿ ಜೆಲ್ ಬಳಿಯುತ್ತಾರೆ.