ಅರಮನೆಯ ದಾಯಾದಿ ಜಗಳ, ಕುಂದಾಣಿಯ ಒಕ್ಕಲು

ಹೊಸೂರು, ಕೃಷ್ಣಗಿರಿ ಸೀಮೆಯ ಹೊಲದ ಬದುಗಳಲ್ಲಿ, ಕೆರೆ ಏರಿಯ ಪಕ್ಕದಲ್ಲಿ ಅರ್ಧ ಹೂತ ಕಲ್ಲುಗಳು ಸಿಗುತ್ತವೆ. ಒಂದರ ಮೇಲೆ ಕತ್ತಿ ಹಿರಿದ ವೀರ, ಮೇಲಿನ ಅಂಕಣದಲ್ಲಿ ಅವನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರು. ಇನ್ನೊಂದರ ಮೇಲೆ ಮಡಿಸಿದ ಮೊಣಕೈ, ಎತ್ತಿದ ಅಂಗೈ, ಮಣಿಕಟ್ಟಿನ ತುಂಬ ಬಳೆ. ಮೊದಲನೆಯದು ವೀರಗಲ್ಲು. ಎರಡನೆಯದು ಮಾಸ್ತಿಕಲ್ಲು, ಗಂಡನ ಚಿತೆ ಏರಿದ ಹೆಣ್ಣಿನ ಗುರುತು.

ಅಂಥ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರ ಹೆಸರು ಅಳಿದುಹೋಗಿದೆ. ಮೈಸೂರು ಕಡೆಯ ಹೆಗ್ಗಡದೇವನಕೋಟೆ ಬಳಿಯ ಬೆಳತೂರಿನ 1057ರ ಕನ್ನಡ ಶಾಸನ ಮಾತ್ರ ಒಬ್ಬಳ ಕಥೆಯನ್ನೇ ಉಳಿಸಿದೆ. ದೇಕಬ್ಬೆ ರವಿಗನೆಂಬ ನಾಡಗಾವುಂಡನ ಮಗಳು. ಗಂಡ ಏಚ ಬಂಧುವೊಬ್ಬನನ್ನು ಕೊಂದ. ಅರಸನ ಅಪ್ಪಣೆಯಂತೆ ತಲಕಾಡಿನಲ್ಲಿ ಅವನ ಪ್ರಾಣ ತೆಗೆದರು. ಸುದ್ದಿ ಕೇಳಿದ ದೇಕಬ್ಬೆ ಹೆತ್ತವರು ಎಷ್ಟು ತಡೆದರೂ ಕೇಳದೆ ಬೆಂಕಿಗೆ ನಡೆದಳು. ಇದನ್ನು ಪ್ರೇಮವೆಂದು ಹಾಡುವುದು ಸುಲಭ. ಆದರೆ ಆ ಕಾಲ ಅವಳಿಗೆ ಬೇರೆ ಬಾಳನ್ನು ಬಿಟ್ಟಿತ್ತೇ ಎಂದು ಕೇಳಲೇಬೇಕು.

ಊರಿನ ಸಂಸಾರ ಕೆಟ್ಟರೆ ಒಂದು ಕಲ್ಲು ಉಳಿಯುತ್ತಿತ್ತು, ಅರಮನೆಯ ಸಂಸಾರ ಕೆಟ್ಟರೆ ನಾಡೇ ಹೋಳಾಗುತ್ತಿತ್ತು. ಹೊಯ್ಸಳ ಅರಸ ಸೋಮೇಶ್ವರ ರಾಜಧಾನಿ ದೋರಸಮುದ್ರ ಬಿಟ್ಟು ಕಾವೇರಿಯ ಕೆಳಹರಿವಿನ ಸೀಮೆಯಲ್ಲೇ ಹೆಚ್ಚಾಗಿ ನೆಲೆಸಿದ್ದ. ಶ್ರೀರಂಗದ ಹತ್ತಿರ ಕಣ್ಣನೂರಿನಲ್ಲಿ ವಿನೋದಕ್ಕಾಗಿ ವಿಕ್ರಮಪುರವನ್ನು ಕಟ್ಟಿಸಿದನೆಂದು ಅವನ ಶಾಸನವೇ ಹೇಳುತ್ತದೆ. ಅವನಿಗೆ ಬಿಜ್ಜಳರಾಣಿಯಲ್ಲಿ ಹುಟ್ಟಿದ ಮಗ ನರಸಿಂಹ, ದೇವಲದೇವಿಯಲ್ಲಿ ಹುಟ್ಟಿದ ಮಗ ರಾಮನಾಥ. 1254ರಲ್ಲಿ ರಾಜ್ಯ ಇಬ್ಬರಿಗೂ ಹಂಚಿಹೋಯಿತು. ನರಸಿಂಹನಿಗೆ ದೋರಸಮುದ್ರ, ರಾಮನಾಥನಿಗೆ ತಮಿಳು ಸೀಮೆ.

ಹಂಚಿಕೆಯಿಂದ ನೆಮ್ಮದಿ ಹುಟ್ಟಲಿಲ್ಲ.

1279ರ ಸುಮಾರಿಗೆ ಪಾಂಡ್ಯರ ಕೈಯಲ್ಲಿ ಸೋತ ರಾಮನಾಥ ಕಣ್ಣನೂರನ್ನು ಕಳೆದುಕೊಂಡು ಮೇಲುನಾಡಿಗೆ ಹತ್ತಿದ. ಕುಂದಾಣಿಯನ್ನು ರಾಜಧಾನಿ ಮಾಡಿಕೊಂಡ. ಇಂದಿನ ಕೃಷ್ಣಗಿರಿ ಜಿಲ್ಲೆಯಲ್ಲೇ ಆ ಊರನ್ನು ಹಲವು ವಿದ್ವಾಂಸರು ಗುರುತಿಸುತ್ತಾರೆ. ಪರಸ್ಪರ ಕಾದಾಡಿದ ಅಣ್ಣ ತಮ್ಮಂದಿರ ದಂಡುಗಳು ತುಳಿದದ್ದು ಮೊರಸುನಾಡಿನ ರಾಗಿ ಹೊಲಗಳನ್ನು. ಹೊಸೂರೂ ಸೇರಿದ್ದ ಆ ನಾಡಿನ ಹೆಸರನ್ನು ಮೊರಸು ಒಕ್ಕಲಿಗರು ಇಂದಿಗೂ ಹೊತ್ತಿದ್ದಾರೆ.

ರಾಮನಾಥನ ನಂತರ ಮಗ ವಿಶ್ವನಾಥ ಕೆಲವೇ ವರ್ಷ ಆಳಿದ. ಆಮೇಲೆ ನರಸಿಂಹನ ಮಗ ಮೂರನೆಯ ಬಲ್ಲಾಳ ಎರಡೂ ಪಾಲನ್ನು ಕೂಡಿಸಿದ. 1301ರಲ್ಲಿ ಕುಂದಾಣಿ ರಾಜ್ಯ ಮತ್ತು ಸುತ್ತಲಿನ ನಾಡುಗಳ ದೇವಸ್ಥಾನ, ಮಠಗಳಿಗೆ ಅವನು ಕಳಿಸಿದ ಆದೇಶ ಕಲ್ಲಿನಲ್ಲಿ ಉಳಿದಿದೆ. ಅವುಗಳ ಭೂಮಿಯ ಮೇಲಿದ್ದ ಮಗ್ಗದ ತೆರಿಗೆ, ಅಕ್ಕಸಾಲಿಗರ ತೆರಿಗೆ, ಸುಂಕ, ಕಾಣಿಕೆ ಎಲ್ಲವನ್ನೂ ಅವನು ಬಿಟ್ಟುಕೊಟ್ಟ. ನಾಡನ್ನು ಗೆದ್ದವನು ಅಲ್ಲಿಯ ಜನರ ಮನಸ್ಸನ್ನೂ ಗೆಲ್ಲಬೇಕಿತ್ತು.

ರಾಜರ ಹೆಸರು ಪುಸ್ತಕಗಳಲ್ಲಿ ಭದ್ರವಾಗಿದೆ. ಊರವರ ನೆನಪಿಗೆ ಹೊಲದ ಬದುವಿನ ವೀರಗಲ್ಲು, ಮಾಸ್ತಿಕಲ್ಲುಗಳೇ ಆಸರೆ. ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕೆಲವನ್ನು ಕಾಪಾಡಿ ಇಟ್ಟಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ನಿಮ್ಮ ಹೊಲದಲ್ಲೇ ಅಂಥದೊಂದು ಕಲ್ಲಿದ್ದರೆ ಅದನ್ನು ಚಪ್ಪಡಿ ಮಾಡಬೇಡಿ, ಸುಣ್ಣ ಬಳಿಯಬೇಡಿ. ಶಾಸನ ಓದಬಲ್ಲವರಿಗೆ ತಿಳಿಸಿ.