ಮದುವೆ ಡಿಜೆ: ಬಾಕ್ಸ್ ಎಣಿಸಿದರೆ ಸಾಲದು

ಛತ್ರ, ಅಡುಗೆಯವರು, ಫೋಟೊದವರು ಎಲ್ಲರನ್ನೂ ಹತ್ತು ಕಡೆ ವಿಚಾರಿಸಿ ಗೊತ್ತುಮಾಡುವ ಮನೆಯವರು ಡಿಜೆ ವಿಷಯಕ್ಕೆ ಬಂದಾಗ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಬಾಕ್ಸ್ ತರ್ತೀರಿ? ಎಷ್ಟು ದುಡ್ಡು? ಎಷ್ಟೋ ಮನೆಗಳಲ್ಲಿ ಇದು ಕೊನೇ ಗಳಿಗೆಯಲ್ಲಿ ಮದುಮಗನ ಗೆಳೆಯರ ತಲೆಗೆ ಕಟ್ಟಿದ ಕೆಲಸ. ಡಿಜೆಯ ಅನುಭವಕ್ಕೆ ಬೆಲೆ ಕಟ್ಟಲು ನಮಗೆ ಬರದಿರುವುದಕ್ಕೆ ಕೆಲವು ನಂಬಿಕೆಗಳೇ ಕಾರಣ.

ನಂಬಿಕೆ: ವ್ಯಾಟ್ ಹೆಚ್ಚಿದಷ್ಟೂ ಮಜಾ ಹೆಚ್ಚು

ಐದು ಸಾವಿರ ವ್ಯಾಟ್ ಸೆಟ್ಟಿನ ಬದಲು ಹತ್ತು ಸಾವಿರದ್ದು ತರಿಸಿದರೆ ಸದ್ದು ಇಮ್ಮಡಿಯಾಗುವುದಿಲ್ಲ. ಶಕ್ತಿ ಎರಡು ಪಟ್ಟಾದರೆ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುವುದೂ ಉಂಟು. ಹಾಗಾಗಿ ಇಡೀ ಸೆಟ್ಟನ್ನು ವೇದಿಕೆಯ ಎರಡು ಬದಿಗೆ ಪೇರಿಸಿದರೆ ಮುಂದಿನ ಸಾಲಿನಲ್ಲಿ ಕೂತ ಅಜ್ಜಿ ಕಿವಿ ಮುಚ್ಚಿಕೊಳ್ಳುತ್ತಾರೆ, ಹಿಂದಿನ ಸಾಲಿನವರು ‘ಏನೂ ಕೇಳ್ತಿಲ್ಲ’ ಅನ್ನುತ್ತಾರೆ.

ಕೈ ಪಳಗಿದವನು ನಡುವೆ ಎರಡು ಸಣ್ಣ ಬಾಕ್ಸ್ ನಿಲ್ಲಿಸಿ ಮುಂದಿನವುಗಳ ಸದ್ದು ಇಳಿಸುತ್ತಾನೆ. ಅದರಲ್ಲೂ ಒಂದು ಸೂಕ್ಷ್ಮ ಇದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹದಿನೇಳು ಮೀಟರ್ ಹಿಂದಿರುವ ಬಾಕ್ಸಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ತಡ ಕೊಡದಿದ್ದರೆ ಒಂದೇ ಮಾತು ಎರಡೆರಡು ಸಲ ಕೇಳಿಸುತ್ತದೆ. ನಮ್ಮ ಕಲ್ಯಾಣ ಮಂಟಪಗಳಂತೂ ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸ್, ಕೆಲವು ಕಡೆ ಮೇಲೆ ತಗಡು; ಪ್ರತಿಧ್ವನಿಗೆ ಹೇಳಿ ಮಾಡಿಸಿದ ಜಾಗ. ಅಲ್ಲಿ ವಾಲ್ಯೂಮ್ ಏರಿಸಿದಷ್ಟೂ ನಿರೂಪಕರ ಮಾತು ಕಲಸಿಹೋಗುತ್ತದೆ. ಮಧ್ಯಾಹ್ನ ಖಾಲಿ ಹಾಲಿನಲ್ಲಿ ನೋಡಿಕೊಂಡ ಸೌಂಡು ಸಂಜೆ ಜನ ತುಂಬಿದ ಮೇಲೆ ಹಾಗೇ ಇರುವುದಿಲ್ಲ, ಏಕೆಂದರೆ ಮೈ-ಬಟ್ಟೆಗಳೂ ಶಬ್ದವನ್ನು ಹೀರುತ್ತವೆ. ಅದನ್ನು ಮೊದಲೇ ಅಂದಾಜು ಮಾಡಿ ಸಂಜೆ ಮತ್ತೆ ತಿದ್ದಲು ಹಲವು ಹಾಲುಗಳನ್ನು ಕಂಡ ಕಿವಿಯೇ ಬೇಕು.

ಕಿವಿಯ ಲೆಕ್ಕವೂ ಇದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಸ್ಥೆ ‘ನಿಯೋಶ್’ ಪ್ರಕಾರ ದಿನಕ್ಕೆ 85 ಡೆಸಿಬಲ್‌ನಲ್ಲಿ ಎಂಟು ಗಂಟೆ ಮಿತಿ. ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಉಳಿಯುವುದು ಹದಿನೈದು ನಿಮಿಷ. ಬಾಕ್ಸಿನ ಮುಂದೆ ಕುಣಿಯುವ ಮಕ್ಕಳನ್ನು ಆಚೆ ಕಳಿಸದ ಡಿಜೆಯನ್ನು ಅನುಭವಿ ಅನ್ನಲು ನನಗೆ ಮನಸ್ಸಿಲ್ಲ.

ನಂಬಿಕೆ: ಹಾಡು ಫೋನಿನಲ್ಲೇ ಇದೆ, ಡಿಜೆ ಯಾಕೆ?

ನೆಲಮಾಳಿಗೆಯ ಹಾಲಿನಲ್ಲಿ ನೆಟ್‌ವರ್ಕ್ ಸಿಗದು, ಕುಣಿತದ ನಡುವೆ ಜಾಹೀರಾತು ಬರುತ್ತದೆ. ಇವೆಲ್ಲ ಸಣ್ಣ ಮಾತು. ಖಾಲಿಯಾಗುತ್ತಿರುವ ಜಾಗ ನೋಡಿ ಮುಂದಿನ ಹಾಡು ಬದಲಿಸಲು ಫೋನಿಗೆ ಗೊತ್ತಾಗದು ಎಂಬುದೇ ದೊಡ್ಡ ಮಾತು. ಬೀಗರ ಕಡೆಯ ಹಿರಿಯರು ಕುಳಿತಿರುವಾಗ ಡಾ. ರಾಜ್‌ಕುಮಾರ್ ಹಾಡು, ಅವರು ಊಟಕ್ಕೆ ಎದ್ದ ಮೇಲೆ ಟಪ್ಪಾಂಗುಚ್ಚಿ, ವಧೂವರರ ಕೈಕುಲುಕಲು ಸಾಲು ಉದ್ದವಿದ್ದರೆ ಬರೀ ವಾದ್ಯ: ಈ ಕ್ರಮ ಪ್ಲೇಲಿಸ್ಟಿನಲ್ಲಿ ಬರೆದಿಟ್ಟರೆ ನಡೆಯುವುದಿಲ್ಲ.

ನಂಬಿಕೆ: ಹದಿನೈದು ವರ್ಷದ ಸರ್ವಿಸ್ ಅಂದ ಮೇಲೆ ಮುಗೀತು

ಎಲ್ಲಿಯ ಹದಿನೈದು ವರ್ಷ? ಬೆಂಗಳೂರಿನ ಪಬ್ಬಿನಲ್ಲಿ ಕುಣಿಯಲೆಂದೇ ಬಂದವರ ಮುಂದೆ ನುಡಿಸಿದವನಿಗೆ, ಒಲ್ಲದ ಮನಸ್ಸಿನ ಚಿಕ್ಕಪ್ಪನನ್ನು ಕುರ್ಚಿಯಿಂದ ಎಬ್ಬಿಸುವ ವಿದ್ಯೆ ಬರಬೇಕೆಂದಿಲ್ಲ. ಗಣೇಶನ ಮೆರವಣಿಗೆಯಲ್ಲಿ ಪಳಗಿದವನಿಗೆ ಸದ್ದು ಇಳಿಸುವ ಅಭ್ಯಾಸವೇ ಇಲ್ಲದಿರಬಹುದು. ಮದುವೆ ಅಂದರೂ ಎಲ್ಲವೂ ಒಂದಲ್ಲ. ಮಂಗಳೂರಿನ ಕ್ಯಾಥೊಲಿಕ್ ರಿಸೆಪ್ಷನ್ನಿನಲ್ಲಿ ನಿರೂಪಕ, ಟೋಸ್ಟ್, ಕೇಕು, ಕೊಂಕಣಿ ಬೈಲಾ, ಎಲ್ಲಕ್ಕೂ ಒಂದು ಸರದಿ ಇದೆ. ಉಡುಪಿ ಕಡೆಯ ಮೆಹಂದಿ ರಾತ್ರಿಯ ಕಳೆಯೇ ಬೇರೆ. ಉತ್ತರ ಕರ್ನಾಟಕದ ಮದುವೆ ಮೆರವಣಿಗೆಯಲ್ಲಿ ಗಾಡಿ ಮೇಲಿನ ಸೆಟ್ಟು, ಜನರೇಟರು, ಇಕ್ಕಟ್ಟಿನ ಓಣಿ. ಓಲಗದವರೂ ಇರುವ ಕಡೆ ಅವರಿಗೆ ಯಾವಾಗ ದಾರಿ ಬಿಡಬೇಕೆಂಬುದು ಗೊತ್ತಿರಬೇಕು. ಗಟ್ಟಿಮೇಳದ ಹೊತ್ತಿಗೆ ಸೌಂಡ್ ಚೆಕ್ ಮಾಡುವವನಿಗೆ ಎಷ್ಟು ವರ್ಷವಾದರೂ ಏನು ಬಂತು?

ಇನ್ನೊಂದು ಮೋಸವಿದೆ. ಹೆಸರು ಮಾಡಿದವರು ಮಾತುಕತೆಗೆ ಬರುತ್ತಾರೆ, ಮದುವೆಗೆ ಹುಡುಗನೊಬ್ಬನನ್ನು ಕಳಿಸುತ್ತಾರೆ. ಅಂಥವರಿಗಿಂತ, ಒಂದೆರಡು ಮದುವೆ ಸೀಸನ್ ಕೈಕೆಳಗೆ ದುಡಿದು ಈಗ ತಾನೇ ಸ್ವಂತ ಸೆಟ್ ಹಾಕಿಕೊಂಡ ಹುಡುಗ ವಾಸಿ.

ನಂಬಿಕೆ: ಹತ್ತು ಗಂಟೆ ಆದ್ಮೇಲೂ ಹಾಕ್ಬಹುದು, ಮದುವೆ ಅಲ್ವಾ

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ಮದುವೆಗೆಂದು ವಿನಾಯಿತಿ ಇಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದ ಸಭಾಂಗಣದೊಳಗೆ ಮಾತ್ರ ಧ್ವನಿವರ್ಧಕ ಬಳಸಬಹುದು. ತೆರೆದ ಲಾನು, ತಾರಸಿ, ಬೀದಿಯ ಶಾಮಿಯಾನ ಅದರಲ್ಲಿ ಸೇರುವುದಿಲ್ಲ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಅನುಭವಿಯಾದವನು ಒಂಬತ್ತೂವರೆಗೇ ಕೊನೆಯ ಹಾಡುಗಳನ್ನು ಶುರುಮಾಡಿ ಜನ ತಣಿದ ಮೇಲೆ ನಿಲ್ಲಿಸುತ್ತಾನೆ. ಪೊಲೀಸರು ಬಂದು ತಂತಿ ಕೀಳಿಸಿದರೆ ಮುಜುಗರ ಪಡುವವರು ಮನೆಯವರು.

ನಂಬಿಕೆ: ಹಾಡಿಗೆ ಲೈಸೆನ್ಸ್ ಹಣ ಕಟ್ಟಲೇಬೇಕು

ಹಾಗಂತ ಯಾರಾದರೂ ಬಿಲ್ಲಿಗೆ ಸೇರಿಸಿದರೆ ಪ್ರಶ್ನಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಜೆಡ್ಎ) ಉಪವಿಧಿ ಮದುವೆ ಮೆರವಣಿಗೆಯನ್ನೂ ಮದುವೆಗೆ ಸೇರಿದ ಸಮಾರಂಭಗಳನ್ನೂ ಹೊರಗಿಟ್ಟಿದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನೇ ಸಾರ್ವಜನಿಕ ಸೂಚನೆಯಲ್ಲಿ ಮತ್ತೆ ಸ್ಪಷ್ಟಪಡಿಸಿತು.

ಮುಂದಿನ ಸಲ ಅಡ್ವಾನ್ಸ್ ಕೊಡುವ ಮೊದಲು ಬಾಕ್ಸ್ ಎಣಿಸುವುದನ್ನು ಬಿಟ್ಟು ಇಷ್ಟು ಕೇಳಿ: ನಮ್ಮಂಥ ಮದುವೆ ಎಲ್ಲಿ ಮಾಡಿದ್ದೀರಿ? ನಮ್ಮ ಛತ್ರ ನೋಡಿದ್ದೀರಾ? ಲ್ಯಾಪ್‌ಟಾಪ್ ಕೈಕೊಟ್ಟರೆ ಇನ್ನೊಂದು ಇದೆಯಾ? ಅವತ್ತು ಬರುವವರು ನೀವೇನಾ? ಕೊನೆಯ ಉತ್ತರವನ್ನು ಅಡ್ವಾನ್ಸ್ ರಸೀದಿಯ ಮೇಲೆ ಬರೆಸಿಕೊಳ್ಳಿ.