ಮುಚ್ಚಿದ ಲಕೋಟೆಯಲ್ಲಿ ಮನೆಯ ಬೆಲೆ

ಎಡಿನ್‌ಬರ್ಗ್‌ನಲ್ಲೋ ಗ್ಲಾಸ್ಗೋದಲ್ಲೋ ಮನೆ ಕೊಳ್ಳಲು ಹೊರಟ ನಮ್ಮವರನ್ನು ಮೊದಲು ಗಲಿಬಿಲಿಗೊಳಿಸುವುದು ಜಾಹೀರಾತಿನ ಎರಡು ಪದ: ‘ಆಫರ್ಸ್ ಓವರ್’. ಇಷ್ಟರ ಮೇಲೆ ಎಷ್ಟು ಕೊಡುತ್ತೀರೋ ನೀವೇ ಹೇಳಿ ಎಂದರ್ಥ. ಕೇಳುವವರು ಹಲವರಿದ್ದರೆ ಮಾರುವವರು ಕ್ಲೋಸಿಂಗ್ ಡೇಟ್ ಗೊತ್ತುಮಾಡುತ್ತಾರೆ, ಸಾಮಾನ್ಯವಾಗಿ ಮಧ್ಯಾಹ್ನ 12 ಗಂಟೆಗೆ. ಅಷ್ಟರೊಳಗೆ ನಿಮ್ಮ ಸಾಲಿಸಿಟರ್, ಅಂದರೆ ಆಸ್ತಿ ವ್ಯವಹಾರ ನೋಡುವ ವಕೀಲರು, ನಿಮ್ಮ ಆಫರ್ ಕಳಿಸಿರಬೇಕು. ಬೆಂಗಳೂರಿನ ಬಿಡಿಎ ಇ-ಹರಾಜಿನಲ್ಲಿ ಮೊತ್ತ ಏರುವುದು ಪರದೆಯ ಮೇಲೆ ಕಾಣುತ್ತದೆ. ಸ್ಕಾಟ್ಲೆಂಡ್‌ನ ಈ ಪದ್ಧತಿಯಲ್ಲಿ ಪಕ್ಕದವರ ಬಿಡ್ ಕಾಣುವುದೇ ಇಲ್ಲ. ಲಕೋಟೆ ಹೋಗಿ ಇಮೇಲ್ ಬಂದರೂ ಗುಟ್ಟು ಗುಟ್ಟಾಗಿಯೇ ಇದೆ, ಅದರ ಸುತ್ತ ತಪ್ಪು ಕಲ್ಪನೆಗಳೂ ಬೆಳೆದಿವೆ.

ಹೆಚ್ಚು ಕೊಟ್ಟವರಿಗೇ ಮನೆ ಎನ್ನುವವರಿದ್ದಾರೆ. ಹಾಗೇನೂ ಕಟ್ಟುಪಾಡಿಲ್ಲ. ಮಾರುವವರು ಕಡಿಮೆ ಬಿಡ್ ಒಪ್ಪಬಹುದು, ಎಲ್ಲವನ್ನೂ ತಿರಸ್ಕರಿಸಲೂಬಹುದು. ಆಫರ್ ಪತ್ರದಲ್ಲಿ ಮೊತ್ತದ ಜೊತೆಗೆ ಬೀಗದ ಕೈ ಹಸ್ತಾಂತರವಾಗುವ ದಿನ ಮತ್ತು ಷರತ್ತುಗಳೂ ಇರುತ್ತವೆ. ಯಾವ ದಿನ ಅವರಿಗೆ ಅನುಕೂಲವೆಂದು ಸಾಲಿಸಿಟರ್ ಮೂಲಕ ಮೊದಲೇ ವಿಚಾರಿಸಿಕೊಳ್ಳಿ.

ಕುಟುಂಬಗಳನ್ನು ನಿಜಕ್ಕೂ ಕಷ್ಟಕ್ಕೆ ತಳ್ಳುವ ನಂಬಿಕೆ ಬೇರೆಯದು: ಬಿಡ್ ಎಷ್ಟಾದರೂ ಅದರ ಮೇಲೆ ಬ್ಯಾಂಕ್ ಸಾಲ ಕೊಡುತ್ತದೆ ಎಂಬುದು. ಬ್ಯಾಂಕ್ ನೋಡುವುದು ಮನೆಯ ಮೌಲ್ಯವನ್ನು. 2008ರ ಡಿಸೆಂಬರ್‌ನಿಂದ ಮಾರುವವರೇ ಮಾಡಿಸಿಡಬೇಕಾದ ಹೋಮ್ ರಿಪೋರ್ಟ್‌ನಲ್ಲಿ ಆ ಮೌಲ್ಯ ಇರುತ್ತದೆ. ಜಾಹೀರಾತಿನಲ್ಲಿ 2,20,000 ಪೌಂಡ್, ರಿಪೋರ್ಟ್‌ನಲ್ಲಿ 2,40,000, ನಿಮ್ಮ ಬಿಡ್ 2,55,000 ಎಂದಿಟ್ಟುಕೊಳ್ಳಿ. ಶೇ. 90 ಸಾಲವೆಂದರೆ 2,16,000 ಮಾತ್ರ. ಉಳಿದ 39,000 ಪೌಂಡ್ ಕೈಯಿಂದಲೇ ಹೋಗಬೇಕು. ಅದರಲ್ಲಿ 15,000 ಮೌಲ್ಯದ ಮೇಲಿನ ಹಣ, ಅದಕ್ಕೆ ಒಂದು ಪೆನ್ನಿಯೂ ಸಾಲ ಸಿಗದು. ಬೇರೆ ಮನೆ ಇಲ್ಲದವರಿಗೂ ಈ ಬೆಲೆಗೆ ಎಲ್‌ಬಿಟಿಟಿ ಎಂಬ ಆಸ್ತಿ ಖರೀದಿ ತೆರಿಗೆ 2,350 ಪೌಂಡ್. ಮೊದಲ ಮನೆ ಕೊಳ್ಳುವವರಿಗೆ 600 ಕಡಿಮೆ. ವಕೀಲರ ಶುಲ್ಕ ಬೇರೆ. ಈ ಲೆಕ್ಕವನ್ನು ಕ್ಲೋಸಿಂಗ್ ಡೇಟ್‌ನ ಹಿಂದಿನ ರಾತ್ರಿಯಲ್ಲ, ಮನೆ ನೋಡಲು ಹೋಗುವ ಮೊದಲೇ ಹಾಕಬೇಕು. ಆ ಬೀದಿಯಲ್ಲಿ ಇತ್ತೀಚೆಗೆ ಮನೆಗಳು ಎಷ್ಟಕ್ಕೆ ಮಾರಾಟವಾಗಿವೆ ಎಂದು ಸಾಲಿಸಿಟರ್ ಹೇಳಬಲ್ಲರು, ಆದರೆ ಮೊತ್ತ ತೀರ್ಮಾನಿಸಬೇಕಾದವರು ನೀವೇ.

‘ನೋಟ್ ಆಫ್ ಇಂಟರೆಸ್ಟ್’ ಹಾಕಿಸಿದರೆ ಮನೆ ಬುಕ್ ಆದಂತಲ್ಲ. ಕ್ಲೋಸಿಂಗ್ ಡೇಟ್ ಇಟ್ಟರೆ ನಮಗೂ ತಿಳಿಸಿ ಎಂಬ ಕೋರಿಕೆ ಅದು, ಅಷ್ಟೇ. ನಿಮಗೆ ಹೇಳದೆಯೇ ಮನೆ ಮಾರಿದರೂ ಕೇಳುವಂತಿಲ್ಲ.

ಕೊನೆಯದು, ‘ಒಪ್ಪಿದ್ದಾರೆ’ ಎಂಬ ಫೋನ್ ಕರೆ. ಸಿಹಿ ಹಂಚುವ ಹೊತ್ತು ಇನ್ನೂ ಬಂದಿಲ್ಲ. ನಮ್ಮೂರಿನಂತೆ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಳ್ಳುವ ರೂಢಿ ಅಲ್ಲಿನ ಹಳೆಯ ಮನೆಗಳ ಮಾರಾಟದಲ್ಲಿಲ್ಲ. ಸ್ಕಾಟ್ಲೆಂಡ್‌ನ 1995ರ ಕಾಯಿದೆಯಂತೆ ಆಸ್ತಿ ಒಪ್ಪಂದ ಬರಹದಲ್ಲೇ ಆಗಬೇಕು. ಇಬ್ಬರ ಸಾಲಿಸಿಟರ್‌ಗಳ ನಡುವೆ ಓಡಾಡುವ ‘ಮಿಸಿವ್ಸ್’ ಪತ್ರಗಳು ಮುಗಿಯುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಮಾರುವವರು ಒಪ್ಪಿದ ಮೇಲೆ ಇನ್ನೊಬ್ಬರ ಹೆಚ್ಚಿನ ಬೆಲೆಗೆ ತಿರುಗಿದರೆ ಅವರ ಸಾಲಿಸಿಟರ್ ಆ ಕೆಲಸ ಬಿಡಬೇಕೆಂದು ಅಲ್ಲಿನ ಲಾ ಸೊಸೈಟಿಯ ಮಾರ್ಗಸೂಚಿಯಿದೆ. ಅದು ತಡೆಗೋಡೆಯೇ ಹೊರತು ಬೀಗವಲ್ಲ. ಮಿಸಿವ್ಸ್ ಮುಗಿದ ಮೇಲೆ ಹಿಂದೆ ಸರಿದವರು ಮಾತ್ರ ನಷ್ಟ ಕಟ್ಟಿಕೊಡಬೇಕಾಗುತ್ತದೆ.

ಆದ್ದರಿಂದ ಮಿಸಿವ್ಸ್ ಮುಗಿದವೆಂದು ನಿಮ್ಮ ಸಾಲಿಸಿಟರ್ ಬರೆದು ತಿಳಿಸುವವರೆಗೆ, ದಯವಿಟ್ಟು, ಈಗಿರುವ ಬಾಡಿಗೆ ಮನೆಗೆ ನೋಟಿಸ್ ಕೊಡಬೇಡಿ.